ಬೆಟ್ಟದ ರೈಲು: ಊಟಿಯೋ, ಡಾರ್ಜಿಲಿಂಗೋ, ಶಿಮ್ಲಾವೋ, ನಮ್ಮ ಸಕಲೇಶಪುರವೋ?

ರಜೆ ಹತ್ತಿರ ಬಂದಾಗಲೆಲ್ಲ ಗೆಳೆಯರು, ನೆಂಟರು ಕೇಳುವ ಪ್ರಶ್ನೆ ಒಂದೇ: “ಬೆಟ್ಟದ ರೈಲಿನಲ್ಲಿ ಒಂದ್ಸಲ ಹೋಗ್ಬೇಕು, ಯಾವುದಕ್ಕೆ ಹೋಗೋಣ?” ಊಟಿ ಹತ್ತಿರ, ಆದರೆ ಟಿಕೆಟ್ ಸಿಗುವುದು ಕಷ್ಟ. ಡಾರ್ಜಿಲಿಂಗ್ ದೇಶದ ಇನ್ನೊಂದು ಮೂಲೆ. ಶಿಮ್ಲಾಕ್ಕೆ ಹೋಗಿ ಬಂದವರು ಬಾಯ್ತುಂಬ ಹೊಗಳುತ್ತಾರೆ. ಸಕಲೇಶಪುರ ಘಾಟಿಯ ರೈಲಿಗೆ ಗಾಜಿನ ಬೋಗಿ ಬಂದ ಮೇಲಂತೂ “ಅಷ್ಟು ದೂರ ಯಾಕ್ರೀ?” ಎನ್ನುವವರೂ ಹೆಚ್ಚಾಗಿದ್ದಾರೆ. ಹೀಗೆ ನಾಲ್ಕೈದು ಊರುಗಳ ಮಧ್ಯೆ ಸಿಕ್ಕಿಕೊಂಡವರಿಗಾಗಿ ಈ ಬರಹ.

ನಾನು ಹೇಳುವುದಿಷ್ಟು. ಊರಿನ ಹೆಸರು ನೋಡಿ ಆರಿಸಬೇಡಿ, ರೈಲು ಬೆಟ್ಟವನ್ನು ಹೇಗೆ ಹತ್ತುತ್ತದೆ ಎಂಬುದನ್ನು ನೋಡಿ ಆರಿಸಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವುದೇ ರೈಲಿನ ಬಲ, ಏರಿನಲ್ಲಿ ಅದೇ ಅದರ ದೌರ್ಬಲ್ಯ. ಇಳಿಜಾರು ಸ್ವಲ್ಪ ಹೆಚ್ಚಾದರೂ ಚಕ್ರ ನಿಂತಲ್ಲೇ ತಿರುಗಿ ಜಾರುತ್ತದೆ. ಈ ತೊಡಕನ್ನು ಒಂದೊಂದು ಬೆಟ್ಟದಲ್ಲಿ ಒಂದೊಂದು ಬಗೆಯಲ್ಲಿ ಬಿಡಿಸಿದರು. ನೀಲಗಿರಿಯಲ್ಲಿ ಹಳಿಗೆ ಹಲ್ಲು ಕೂರಿಸಿದರು. ಡಾರ್ಜಿಲಿಂಗ್‌ನಲ್ಲಿ ಹಳಿಯನ್ನು ಸುತ್ತಿಸಿ, ಹಿಂದೆ ಮುಂದೆ ಓಡಿಸಿದರು. ಶಿಮ್ಲಾದಲ್ಲಿ ಬೆಟ್ಟವನ್ನೇ ನೂರಕ್ಕೂ ಹೆಚ್ಚು ಕಡೆ ಕೊರೆದರು. ಸಕಲೇಶಪುರ, ದೂಧಸಾಗರಗಳಲ್ಲಿ ಸುರಂಗ, ಸೇತುವೆಗಳ ಜೊತೆಗೆ ಇನ್ನಷ್ಟು ಎಂಜಿನ್ ಕಟ್ಟಿದರು. ರೈಲಿನ ವೇಗ, ಕಿಟಕಿಯಾಚೆ ಕಾಣುವ ನೋಟ, ಕಿವಿಗೆ ಬೀಳುವ ಸದ್ದು ಎಲ್ಲವೂ ಈ ಉಪಾಯದಿಂದಲೇ ಹುಟ್ಟುತ್ತವೆ.

ಟಿಕೆಟ್ ತೆಗೆಯುವ ಮುನ್ನ ಇನ್ನೂ ಕೆಲವು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಬೇಕಿರುವುದು ಹಳೆಯ ಯಂತ್ರವೋ, ಕಾಡು ಮತ್ತು ನೀರೋ, ಹಿಮಾಲಯವೋ? ಮನೆಯಿಂದ ಹೊರಟು ಮರಳಲು ಎಷ್ಟು ದಿನ ಇದೆ? ಟಿಕೆಟ್ ಸಿಗುತ್ತದೆಯೇ? ಆ ತಿಂಗಳಲ್ಲಿ ಹಳಿ ತೆರೆದಿರುತ್ತದೆಯೇ? ಜೊತೆಗೆ ಬರುವವರು ಐದು ಗಂಟೆ ಇಕ್ಕಟ್ಟಾದ ಸೀಟಿನಲ್ಲಿ ಕೂರಬಲ್ಲರೇ? ಹಣದ ಲೆಕ್ಕ ಇವೆಲ್ಲದರ ನಂತರ ಬರುತ್ತದೆ. ರೈಲಿನ ಟಿಕೆಟ್ ಎಲ್ಲ ಕಡೆಯೂ ಒಟ್ಟು ಖರ್ಚಿನ ಸಣ್ಣ ಪಾಲು, ದೊಡ್ಡದು ಅಲ್ಲಿಗೆ ತಲುಪುವ ಖರ್ಚು.

ನೀಲಗಿರಿ: ಯಂತ್ರವನ್ನು ಪ್ರೀತಿಸುವವರಿಗೆ

ಮೆಟ್ಟುಪಾಳ್ಯಂನಿಂದ ಊಟಿಗೆ 46 ಕಿಲೋಮೀಟರ್. ಅಷ್ಟರಲ್ಲಿ ರೈಲು 326 ಮೀಟರಿನಿಂದ ಸುಮಾರು 2,200 ಮೀಟರಿಗೆ ಏರುತ್ತದೆ. 208 ತಿರುವು, 250 ಸೇತುವೆ, 16 ಸುರಂಗ. ಅಂಕಿ ಹಾಗಿರಲಿ, ಇಲ್ಲಿ ನೋಡಬೇಕಾದದ್ದು ಕಲ್ಲಾರ್ ನಿಲ್ದಾಣ ದಾಟಿದ ಕೂಡಲೇ ಎರಡು ಹಳಿಗಳ ನಡುವೆ ಶುರುವಾಗುವ ಹಲ್ಲಿನ ಪಟ್ಟಿ. ಅಕ್ಕಪಕ್ಕ ಎರಡು ಪಟ್ಟಿಗಳಿದ್ದು ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿ ಕೂತಿರುತ್ತದೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಇವನ್ನು ಕಚ್ಚಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದಂತೆ, ಒಂದೊಂದೇ ಹಲ್ಲನ್ನು ಹಿಡಿದು ಏರುತ್ತದೆ. ಎರಡು ಪಟ್ಟಿ ಇರುವುದರಿಂದ ಯಾವ ಗಳಿಗೆಯಲ್ಲೂ ಒಂದಲ್ಲ ಒಂದು ಹಲ್ಲಿನ ಹಿಡಿತ ತಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಆಪ್ಟ್ ಎಂಬ ಎಂಜಿನಿಯರ್ ರೂಪಿಸಿದ ವ್ಯವಸ್ಥೆ ಇದು. ಭಾರತದಲ್ಲಿ ಪ್ರಯಾಣಿಕರ ರೈಲು ಹೀಗೆ ಹಲ್ಲು ಕಚ್ಚಿ ಹತ್ತುವುದು ಇದೊಂದೇ ಕಡೆ. ಕೂನೂರಿನವರೆಗೆ ಕೆಲವೆಡೆ ಏರು 12ಕ್ಕೆ 1, ಅಂದರೆ ಹನ್ನೆರಡು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲಕ್ಕೆ. ಮಾಮೂಲಿ ರೈಲಿಗೆ ಅದು ಆಗದ ಕೆಲಸ.

ಎಂಜಿನ್ ಇರುವುದು ಹಿಂದೆ. ಕೆಳಗಿನಿಂದ ತಳ್ಳುತ್ತದೆ, ಹಾಗಾಗಿ ಮೊದಲ ಬೋಗಿಯವರ ಕಣ್ಣೆದುರು ಬರೀ ಹಳಿ ಮತ್ತು ಬೆಟ್ಟ. ಒಂದೊಂದು ಬೋಗಿಗೂ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ; ಎಂಜಿನ್ನಿನ ಸೀಟಿ ಕೇಳಿ ತನ್ನ ಬೋಗಿಯ ಬ್ರೇಕನ್ನು ಕೈಯಿಂದಲೇ ಬಿಗಿ ಮಾಡುತ್ತಾನೆ, ಸಡಿಲಿಸುತ್ತಾನೆ. ಹಲ್ಲಿನ ಹಳಿಯ ಮೇಲೆ ವೇಗ ಗಂಟೆಗೆ ಸುಮಾರು 13 ಕಿಲೋಮೀಟರ್. ನೀರು ತುಂಬಿಸಲು ಹಿಲ್‌ಗ್ರೋವ್‌ನಲ್ಲಿ ನಿಂತಾಗ ಇಳಿದು ಎಂಜಿನ್ನಿನ ಹತ್ತಿರ ಹೋಗಿ ನೋಡಿ. ಹೊರಗಡೆ ಒಂದರ ಮೇಲೊಂದು ಎರಡು ಸಿಲಿಂಡರ್ ಕಾಣುತ್ತವೆ. ಒಂದು ಮಾಮೂಲಿ ಚಕ್ರವನ್ನು ತಿರುಗಿಸಿದರೆ, ಅದು ಬಳಸಿ ಬಿಟ್ಟ ಹಬೆಯಲ್ಲೇ ಇನ್ನೊಂದು ಹಲ್ಲುಚಕ್ರವನ್ನು ತಿರುಗಿಸುತ್ತದೆ. ನೂರು ವರ್ಷದ ಹಿಂದಿನ ಈ ಲೆಕ್ಕಾಚಾರ ಇವತ್ತಿಗೂ ದಿನಾ ಬೆಳಿಗ್ಗೆ ಬೆಟ್ಟ ಹತ್ತುತ್ತಿದೆ. ಹಳೆಯ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದವು. ಈಚಿನವನ್ನು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದಲ್ಲಿ ಕಟ್ಟಿದ್ದಾರೆ.

ಈ ದಾರಿಯ ಮೊದಲ ಪ್ರಸ್ತಾಪ 1854ರದ್ದು. ಕೆಲಸ ಶುರುವಾಗಿದ್ದು 1891ರಲ್ಲಿ, ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ನಡುವೆ ಮೊದಲ ಕಂಪನಿ ದಿವಾಳಿಯೂ ಆಯಿತು. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕರ್ನಾಟಕದವರು ಮುಖ್ಯವಾಗಿ ಗಮನಿಸಬೇಕಾದದ್ದು ಮುಂದಿನ ಮಾತು. ನಮ್ಮಲ್ಲಿ ಬಹುತೇಕರು ಮೈಸೂರು, ಬಂಡೀಪುರದ ಮೇಲೆ ಕಾರಿನಲ್ಲೇ ಊಟಿ ತಲುಪಿ, ಅಲ್ಲಿಂದ ಕೂನೂರಿಗೆ ಒಂದು ಸುತ್ತು ರೈಲಿನಲ್ಲಿ ಹೋಗಿಬಂದು “ಟಾಯ್ ಟ್ರೈನ್ ಆಯ್ತು” ಎನ್ನುತ್ತಾರೆ. ಹಲ್ಲಿನ ಹಳಿ ಇರುವುದು ಕೂನೂರಿನ ಕೆಳಗೆ. ಮೇಲಿನ ತುಂಡಿನಲ್ಲಿ ಎಳೆಯುವುದು ಡೀಸೆಲ್ ಎಂಜಿನ್. ಕೇತಿ ಕಣಿವೆಯ ಆ ನೋಟ ಚಂದವೇ, ಅಲ್ಲಿನ ಬಡಗರ ಹಟ್ಟಿಗಳು, ಕನ್ನಡಕ್ಕೆ ಹತ್ತಿರದ ಅವರ ಮಾತು ನಮಗೆ ಆಪ್ತವೇ. ಆದರೂ ಈ ರೈಲಿನ ಜೀವ ಕಲ್ಲಾರ್ ಮತ್ತು ಕೂನೂರಿನ ನಡುವೆ ಇದೆ. ಅದು ಬೇಕಿದ್ದರೆ ರಾತ್ರಿಯ ಬಸ್ಸಿನಲ್ಲೋ ರೈಲಿನಲ್ಲೋ ಕೊಯಮತ್ತೂರಿಗೆ ಹೋಗಿ, ಮೆಟ್ಟುಪಾಳ್ಯಂನಲ್ಲಿ ಬೆಳಗಿನ ಏಳರ ಸುಮಾರಿಗೆ ಹೊರಡುವ ರೈಲು ಹಿಡಿಯಬೇಕು. ಊಟಿ ಮುಟ್ಟುವಾಗ ಮಧ್ಯಾಹ್ನ. ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ತಂಗಿದರೆ ಇನ್ನೂ ನೆಮ್ಮದಿ. ಕಾರು ಬಿಡಲಾಗದವರಿಗೆ ಇನ್ನೊಂದು ದಾರಿ ಇದೆ. ಮಧ್ಯಾಹ್ನ ಎರಡರ ಹೊತ್ತಿಗೆ ಊಟಿ ಬಿಡುವ ರೈಲಿನಲ್ಲಿ ಮನೆಮಂದಿ ಕೆಳಗಿಳಿಯಲಿ, ಒಬ್ಬರು ಕಾರನ್ನು ಮೆಟ್ಟುಪಾಳ್ಯಂಗೆ ತರಲಿ. ಇಳಿಯುವಾಗ ಎಂಜಿನ್ ಏದುಸಿರು ಬಿಡುವುದು ಕೇಳುವುದಿಲ್ಲ, ಆದರೆ ಕಾಡು ಅದೇ, ಹಲ್ಲಿನ ಹಳಿಯೂ ಅದೇ.

ತೊಡಕು ಟಿಕೆಟ್ಟಿನದು. ಬೋಗಿ ಕಡಿಮೆ, ದಿನಕ್ಕೆ ಒಂದೇ ರೈಲು, ಕೇಳುವವರು ಅಪಾರ. ಕಾಯ್ದಿರಿಸುವ ಕಿಂಡಿ ತೆರೆದ ದಿನವೇ ಕೂರಬೇಕು. ಏಪ್ರಿಲ್, ಮೇ ತಿಂಗಳ ಸೀಟು ಕೈಗೆಟುಕುವುದು ಅಪರೂಪ. ಕಾಯ್ದಿರಿಸದ ಸೀಟನ್ನು ನಂಬಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮುಂಗಾರಿನ ಮಳೆಗೆ ಮಣ್ಣು ಕುಸಿದು ರೈಲು ರದ್ದಾಗುವುದು ಪ್ರತಿವರ್ಷದ ಮಾತು. ಜನವರಿ, ಫೆಬ್ರುವರಿ ನನ್ನ ಆಯ್ಕೆ: ಚಳಿ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಟಿಕೆಟ್ಟಿಗೂ ಅಷ್ಟು ನೂಕುನುಗ್ಗಲು ಇರುವುದಿಲ್ಲ.

ಡಾರ್ಜಿಲಿಂಗ್: ಊರೊಳಗೆ ನಡೆಯುವ ರೈಲು

ಇಲ್ಲಿ ಹಲ್ಲೂ ಇಲ್ಲ, ಹೇಳಿಕೊಳ್ಳುವಂಥ ಸುರಂಗವೂ ಇಲ್ಲ. ಎರಡು ಅಡಿ ಅಗಲದ ಹಳಿ, ಅದೂ ಹಳೆಯ ಗಾಡಿ ರಸ್ತೆಯ ಪಕ್ಕದಲ್ಲೇ. 1879ರಿಂದ 1881ರ ನಡುವೆ ಫ್ರಾಂಕ್ಲಿನ್ ಪ್ರೆಸ್ಟೇಜ್ ಇದನ್ನು ಕಟ್ಟಿಸಿದಾಗ ಹೊಸ ದಾರಿ ಕಡಿಯುವ ಬದಲು ಇದ್ದ ರಸ್ತೆಯನ್ನೇ ಹಿಡಿದ. ರಸ್ತೆ ತೀರಾ ಕಡಿದಾದ ಕಡೆ ಹಳಿ ತನ್ನನ್ನೇ ತಾನು ಸುತ್ತಿ ಮೇಲೇರುತ್ತದೆ. ಹಾಗೆ ಸುತ್ತುವುದಕ್ಕೂ ಜಾಗವಿಲ್ಲದ ಕಡೆ ರೈಲು ಮುಂದೆ ಹೋಗಿ ನಿಲ್ಲುತ್ತದೆ, ಹಿಮ್ಮುಖವಾಗಿ ಇನ್ನೊಂದು ಹಳಿಯ ಮೇಲೆ ಏರುತ್ತದೆ, ಮತ್ತೆ ಮುಂದಕ್ಕೆ. ಹೀಗೆ ಅಂಕುಡೊಂಕಾಗಿ ಘೂಮ್ ತಲುಪಿದರೆ 2,258 ಮೀಟರ್, ಭಾರತದಲ್ಲೇ ಅತಿ ಎತ್ತರದ ರೈಲು ನಿಲ್ದಾಣ. ಅಲ್ಲಿಂದ ಡಾರ್ಜಿಲಿಂಗ್‌ಗೆ ಇಳಿಜಾರು.

ಹಬೆ ಎಂಜಿನ್ ಓಡುವಾಗ ಅದರ ಮೂತಿಯನ್ನು ನೋಡಿ. ಮುಂದಿನ ಪಟ್ಟಿಯ ಮೇಲೆ ಕೂತವರು ಚಕ್ರ ಜಾರದಂತೆ ಹಳಿಗೆ ಕೈಯಿಂದಲೇ ಮರಳು ಉದುರಿಸುತ್ತಾರೆ. ಕರ್ಸಿಯಾಂಗ್ ಪೇಟೆಯಲ್ಲಂತೂ ರೈಲು ಅಂಗಡಿ ಬಾಗಿಲಿಗೆ ಒರಸಿಕೊಂಡೇ ಹೋಗುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಬಟ್ಟೆಯಂಗಡಿಯ ಸರಕು ಮುಟ್ಟೀತು, ಚಾಚಬೇಡಿ. ಮನೆ, ಶಾಲೆ, ಚಹಾ ತೋಟ, ಜನ ಇವುಗಳ ನಡುವೆ ಹೀಗೆ ಸಾಗುವ ಬೆಟ್ಟದ ರೈಲು ಇನ್ನೊಂದಿಲ್ಲ. 1999ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಭಾರತದ ಮೊದಲ ರೈಲು ಇದೇ.

ಆಯ್ಕೆ ಇಲ್ಲಿ ಎರಡು. ನ್ಯೂ ಜಲ್ಪಾಯ್‌ಗುರಿಯಿಂದ ಡಾರ್ಜಿಲಿಂಗ್‌ವರೆಗಿನ 88 ಕಿಲೋಮೀಟರ್ ಪೂರ್ತಿ ದಾರಿಗೆ ಏಳೆಂಟು ಗಂಟೆ, ಅಂದರೆ ಒಂದಿಡೀ ಹಗಲು. ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿಬರುವ ‘ಜಾಯ್ ರೈಡ್’ಗೆ ಎರಡು ಗಂಟೆ ಸಾಕು. ದಾರಿಯಲ್ಲಿ ಬತಾಸಿಯಾ ಸುತ್ತು, ಗೂರ್ಖಾ ಯೋಧರ ಸ್ಮಾರಕ, ಆಕಾಶ ತಿಳಿಯಾಗಿದ್ದರೆ ಕಾಂಚನಜುಂಗಾ. ಆದರೆ ಅಷ್ಟು ಚಿಕ್ಕ ಸುತ್ತಿಗೆ ತಲೆಗೆ ಸಾವಿರ ರೂಪಾಯಿಗೂ ಮೇಲೆ, ಹಬೆ ಎಂಜಿನ್ ಆದರೆ ಡೀಸೆಲ್ಲಿಗಿಂತ ಹೆಚ್ಚು. ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಜಾಯ್ ರೈಡ್ ಸರಿ. ಉಳಿದವರಿಗೆ ನನ್ನ ಸಲಹೆ ಪೂರ್ತಿ ದಾರಿ. ಬಯಲಿನ ಸೆಕೆಯಿಂದ ಹೊರಟು ಸ್ವೆಟರ್ ಹಾಕುವ ಚಳಿಗೆ ತಲುಪುವ ಬದಲಾವಣೆಯೇ ಈ ದಾರಿಯ ಸಾರ, ಅದು ಎರಡು ಗಂಟೆಯಲ್ಲಿ ಸಿಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ, ಗುಡ್ಡ ಕುಸಿಯುತ್ತದೆ, ಮೋಡದಲ್ಲಿ ಏನೂ ಕಾಣುವುದಿಲ್ಲ. ದಸರೆ ಕಳೆದ ಮೇಲಿನ ವಾರಗಳು ಒಳ್ಳೆಯವು. ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನವಿದೆ. ಐದು ದಿನ ಇಲ್ಲದಿದ್ದರೆ ಯೋಚನೆ ಬಿಡಿ.

ಶಿಮ್ಲಾ: ಕಡಿಮೆ ರಗಳೆ, ಕಡಿಮೆ ಖರ್ಚು

ಕಾಲ್ಕಾದಿಂದ ಶಿಮ್ಲಾಕ್ಕೆ 96 ಕಿಲೋಮೀಟರ್, ಎರಡೂವರೆ ಅಡಿ ಹಳಿ, 1903ರ ನವೆಂಬರ್‌ನಲ್ಲಿ ಶುರು. ಬ್ರಿಟಿಷರ ಬೇಸಿಗೆ ರಾಜಧಾನಿಗೆ ದೊರೆಗಳನ್ನೂ ಕಡತಗಳನ್ನೂ ಸಾಗಿಸಲು ಕಟ್ಟಿದ ದಾರಿ. ಹಾಗಾಗಿ ಹಣ ಸುರಿದಿದ್ದಾರೆ: 102 ಸುರಂಗ, ಎಂಟುನೂರಕ್ಕೂ ಹೆಚ್ಚು ಸೇತುವೆ, ಒಂಬೈನೂರಕ್ಕೂ ಹೆಚ್ಚು ತಿರುವು. ಏರು 33ಕ್ಕೆ 1 ಮೀರದಂತೆ ನೋಡಿಕೊಂಡಿದ್ದರಿಂದ ಹಲ್ಲೂ ಬೇಡ, ಹಿಂದೆ ಮುಂದೆ ಓಡಿಸುವುದೂ ಬೇಡ. ಕಲ್ಲಿನ ಕಮಾನುಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಪೇರಿಸಿದ ಸೇತುವೆಗಳನ್ನು ತಿರುವಿನಲ್ಲಿ ಕಿಟಕಿಯಿಂದಲೇ ನೋಡಬಹುದು.

33ನೇ ಸುರಂಗ ಎಲ್ಲಕ್ಕಿಂತ ಉದ್ದ, 1,143 ಮೀಟರ್. ಅದರ ಕತೆ ಮನ ಕಲಕುವಂಥದ್ದು. ಬರೋಗ್ ಎಂಬ ಎಂಜಿನಿಯರ್ ಎರಡೂ ಕಡೆಯಿಂದ ಕೊರೆಸಿದ ಸುರಂಗ ನಡುವೆ ಕೂಡಲೇ ಇಲ್ಲ. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತು, ಅವಮಾನ ತಾಳದೆ ಅವನು ಪ್ರಾಣ ಕಳೆದುಕೊಂಡ ಎಂದು ಅಲ್ಲಿನವರು ಹೇಳುತ್ತಾರೆ. ಮುಂದೆ ಇನ್ನೊಬ್ಬ ಎಂಜಿನಿಯರ್ ಬೇರೆ ಜಾಗದಲ್ಲಿ ಸುರಂಗ ಕೊರೆಸಿದಾಗ ದಾರಿ ತೋರಿದ್ದು ಭಲ್ಕು ಎಂಬ ಸ್ಥಳೀಯ. ಓದುಬರಹ ಕಲಿಯದ ಆ ಮನುಷ್ಯನ ಹೆಸರಿನಲ್ಲಿ ಶಿಮ್ಲಾದಲ್ಲಿ ಇಂದು ರೈಲು ಮ್ಯೂಸಿಯಂ ಇದೆ. ಬರೋಗ್ ನಿಲ್ದಾಣದಲ್ಲಿ ರೈಲು ನಿಂತಾಗ ತಿಂಡಿ ಮುಗಿಸಿ ಸುರಂಗದ ಬಾಯಿಯವರೆಗೆ ನಡೆದು ನೋಡಿ ಬನ್ನಿ.

ದಿನಕ್ಕೆ ಹಲವು ರೈಲುಗಳಿರುವುದೇ ಈ ದಾರಿಯ ದೊಡ್ಡ ಅನುಕೂಲ. ಮೆತ್ತನೆಯ ಸೀಟಿನ ಶಿವಾಲಿಕ್‌ನಿಂದ ಹಿಡಿದು ಕಾಯ್ದಿರಿಸದ ಬೋಗಿಯವರೆಗೆ ಎಲ್ಲ ಜೇಬಿಗೂ ಟಿಕೆಟ್ ಇದೆ. ಸಾಮಾನ್ಯ ಬೋಗಿಯಲ್ಲಿ ನೂರು ರೂಪಾಯಿಯೊಳಗೆ ಶಿಮ್ಲಾ ತಲುಪಬಹುದು. ದೆಹಲಿಯಿಂದ ಕಾಲ್ಕಾವರೆಗೆ ಶತಾಬ್ದಿ ಇದೆ. ದೆಹಲಿ, ಚಂಡೀಗಢ ಕಡೆ ಹೇಗೂ ಹೋಗುವವರು ಎರಡು ದಿನ ಸೇರಿಸಿಕೊಂಡರೆ ಸಾಕು. ನೀಲಗಿರಿಯ ಹಬೆಯ ಆರ್ಭಟ ಇಲ್ಲಿಲ್ಲ, ಡಾರ್ಜಿಲಿಂಗ್‌ನ ಪೇಟೆಯ ಸಲುಗೆಯೂ ಇಲ್ಲ. ಐದು ಗಂಟೆಯ ಹಾದಿ ನಡುನಡುವೆ ಒಂದೇ ಥರ ಅನ್ನಿಸುವುದೂ ಉಂಟು. ಮಳೆಗಾಲ ಇಲ್ಲೂ ಅಪಾಯವೇ: 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್ ಬಳಿ ಗುಡ್ಡ ಕುಸಿದು ಹಳಿ ಗಾಳಿಯಲ್ಲಿ ತೂಗಾಡುವಂತಾಗಿತ್ತು.

ಸಕಲೇಶಪುರ ಘಾಟಿ: ಮನೆಯಂಗಳದ ಕಾಡು

ಇದು ಟಾಯ್ ಟ್ರೈನ್ ಅಲ್ಲ, ದೊಡ್ಡ ಹಳಿಯ ಮಾಮೂಲಿ ಎಕ್ಸ್‌ಪ್ರೆಸ್. ಯುನೆಸ್ಕೊ ಪಟ್ಟಿಯಲ್ಲಿಲ್ಲ, ವಸಾಹತು ಕಾಲದ ವೈಭವವೂ ಇಲ್ಲ. ಮಂಗಳೂರು–ಹಾಸನ ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ. 1996ರಲ್ಲಿ ಹಳಿ ಅಗಲ ಮಾಡಲು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಕರಾವಳಿಯವರು ಆ ಹನ್ನೊಂದು ವರ್ಷ ಶಿರಾಡಿ ಘಾಟಿಯ ಹೊಂಡಗಳನ್ನೇ ನಂಬಿ ಬದುಕಿದರು.

ಆದರೆ ಕಾಡು ಮತ್ತು ನೀರಿನ ಲೆಕ್ಕ ಹಾಕಿದರೆ ಹೆಸರಾಂತ ಮೂರು ರೈಲುಗಳಲ್ಲಿ ಯಾವುದನ್ನೂ ನಾನು ಇದರ ಮುಂದಿಡುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿಲೋಮೀಟರ್. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1 ಇಳಿಜಾರು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂಬ ನಿಲ್ದಾಣಗಳ ನಡುವೆ ಊರಿಲ್ಲ, ತೋಟವಿಲ್ಲ, ಬರೀ ಮಳೆಕಾಡು. ಸುರಂಗದ ಕತ್ತಲಿಂದ ಹೊರಬಂದ ಕೂಡಲೇ ಕಾಲ ಕೆಳಗೆ ಸೇತುವೆ, ಅದರಡಿ ಕೆಂಪುಹೊಳೆಗೆ ಇಳಿಯುವ ತೊರೆ, ಮತ್ತೆ ಸುರಂಗ. ಸೆಪ್ಟೆಂಬರ್‌ನಲ್ಲಿ ಗುಡ್ಡದ ಒಂದೊಂದು ಸೀಳಿನಿಂದಲೂ ನೀರು ಇಳಿಯುತ್ತಿರುತ್ತದೆ. ರೈಲು ನಿಧಾನ, ಈ ತುಂಡಿಗೇ ಎರಡೂವರೆ ಗಂಟೆ. ಮೇಲೇರುವಾಗ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಕಟ್ಟುತ್ತಾರೆ.

ಗಮನಿಸಬೇಕಾದ್ದು ಒಂದೇ: ಹಗಲಿನ ರೈಲು. ಪಂಚಗಂಗಾದಂಥ ರಾತ್ರಿ ರೈಲುಗಳು ನೀವು ಮಲಗಿರುವಾಗಲೇ ಘಾಟಿ ದಾಟಿಸಿಬಿಡುತ್ತವೆ. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ಮಂಗಳೂರು ರೈಲುಗಳು ಮಧ್ಯಾಹ್ನದ ಹೊತ್ತಿಗೆ ಘಾಟಿಯಲ್ಲಿರುತ್ತವೆ. 2021ರ ಜುಲೈಯಿಂದ ಅವಕ್ಕೆ ವಿಸ್ಟಾಡೋಮ್ ಬೋಗಿ ಇದೆ: 44 ಸೀಟು, ಗಾಜಿನ ಚಾವಣಿ, ತಿರುಗುವ ಕುರ್ಚಿ. ದರ ಸಾಮಾನ್ಯ ಸೀಟಿನ ಹಲವು ಪಟ್ಟು. ತೆಗೆದುಕೊಳ್ಳಬೇಕೇ? ಅಪ್ಪ ಅಮ್ಮ ಜೊತೆಗಿದ್ದರೆ, ಒಮ್ಮೆಯಾದರೂ ಹೌದು. ಆದರೆ ಆ ಕಿಟಕಿ ತೆರೆಯುವುದಿಲ್ಲ. ಒದ್ದೆ ಮಣ್ಣಿನ ವಾಸನೆ, ಜೀರುಂಡೆಯ ಸದ್ದು, ಸೇತುವೆ ದಾಟುವಾಗ ಮುಖಕ್ಕೆ ಬಡಿಯುವ ತಣ್ಣನೆ ಗಾಳಿ ಇವೆಲ್ಲ ಮಾಮೂಲಿ ಬೋಗಿಯ ತೆರೆದ ಕಿಟಕಿಯ ಪಾಲು. ನನಗೆ ಅದೇ ಇಷ್ಟ. ಬಾಗಿಲಲ್ಲಿ ನಿಂತು ಫೋಟೊ ತೆಗೆಯುವ ಹುಚ್ಚು ಮಾತ್ರ ಬೇಡ, ಸುರಂಗದ ಗೋಡೆ ತೀರಾ ಹತ್ತಿರ. ಹಳಿಯ ಮೇಲೆ ಚಾರಣವನ್ನೂ ನಿಷೇಧಿಸಲಾಗಿದೆ. ಗುಡ್ಡ ಕುಸಿದರೆ ರೈಲು ವಾರಗಟ್ಟಲೆ ನಿಲ್ಲುತ್ತದೆ, 2024ರ ಜುಲೈಯಲ್ಲಿ ಹಾಗೇ ಆಯಿತು. ಆದ್ದರಿಂದ ಜುಲೈ, ಆಗಸ್ಟ್‌ಗಿಂತ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ವಾಸಿ.

ದೂಧಸಾಗರ, ಮಾಥೇರಾನ್

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರು ಸಕಲೇಶಪುರಕ್ಕೆ ಬರುವ ಬದಲು ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಮೇಲೆ ಗೋವಾಕ್ಕೆ ಇಳಿಯಿರಿ. ಕುಳೆಂವರೆಗಿನ 26 ಕಿಲೋಮೀಟರ್ ಘಾಟಿಯ ಇಳಿಜಾರು 37ಕ್ಕೆ 1, ಸಕಲೇಶಪುರಕ್ಕಿಂತ ಕಡಿದು. 1880ರ ದಶಕದಲ್ಲಿ ಮುರಗಾಂವ್ ಬಂದರಿಗೆಂದು ಕಟ್ಟಿದ್ದು. 1961ರವರೆಗೆ ಕ್ಯಾಸಲ್‌ರಾಕ್ ಪೋರ್ಚುಗೀಸ್ ಗೋವಾದ ಗಡಿ ನಿಲ್ದಾಣವಾಗಿತ್ತು. 310 ಮೀಟರ್ ಎತ್ತರದ ದೂಧಸಾಗರ ಜಲಪಾತದ ಎದುರೇ ಸೇತುವೆಯ ಮೇಲೆ ರೈಲು ಹಾಯುತ್ತದೆ. ಆ ನೋಟ ಕೆಲವೇ ನಿಮಿಷದ್ದು, ಅಲ್ಲಿ ಇಳಿಯುವಂತಿಲ್ಲ. ಜುಲೈಯಿಂದ ಅಕ್ಟೋಬರ್ ಬಿಟ್ಟರೆ ನೀರು ಸೊರಗಿರುತ್ತದೆ.

ಮುಂಬೈ ಕನ್ನಡಿಗರಿಗೆ ಮಾಥೇರಾನ್ ಬೆಟ್ಟದ ರೈಲು ಇದೆ. ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರಾಯಿತು. ಆದಮ್‌ಜೀ ಪೀರ್‌ಭಾಯ್ ಕುಟುಂಬ ಸ್ವಂತ ಹಣ ಹಾಕಿ 1907ರಲ್ಲಿ ಮುಗಿಸಿದ ಸುಮಾರು 20 ಕಿಲೋಮೀಟರ್ ದಾರಿ. ಮಳೆಗಾಲದಲ್ಲಿ ಕೆಳಗಿನ ಭಾಗ ಮುಚ್ಚಿ, ಅಮನ್ ಲಾಡ್ಜ್‌ನಿಂದ ಮೇಲಕ್ಕೆ ಮಾತ್ರ ಓಡಿಸುತ್ತಾರೆ.

ಯಾರಿಗೆ ಯಾವುದು?

ಯಂತ್ರದ ಹುಚ್ಚಿರುವ ಮಕ್ಕಳಿಗೆ, ಎಂಜಿನಿಯರಿಂಗ್ ಓದುವವರಿಗೆ ನೀಲಗಿರಿ, ಅದೂ ಮೆಟ್ಟುಪಾಳ್ಯಂನಿಂದ ಮೇಲಕ್ಕೆ. ಜನರನ್ನೂ ಹಿಮಶಿಖರವನ್ನೂ ಒಟ್ಟಿಗೆ ನೋಡಬೇಕೆಂದರೆ, ವಾರದ ರಜೆ ಇದ್ದರೆ ಡಾರ್ಜಿಲಿಂಗ್. ಉತ್ತರ ಭಾರತದ ಪ್ರವಾಸಕ್ಕೆ ಸೇರಿಸಿಕೊಳ್ಳಲು ಶಿಮ್ಲಾ. ನೀಲಗಿರಿಯ ಟಿಕೆಟ್ ಸಿಗದೆ ಬೇಸರವಾಗಿದ್ದರೆ ಊಟಿ–ಕೂನೂರು ತುಂಡಿಗೆ ಸಮಾಧಾನ ಮಾಡಿಕೊಳ್ಳಬೇಡಿ, ಆ ಎರಡು ದಿನವನ್ನು ಸಕಲೇಶಪುರ ಘಾಟಿಗೆ ಕೊಡಿ.

ಹೆಚ್ಚು ಗೊಂದಲ ಇರುವುದು ಮೊಣಕಾಲು ನೋವಿನ ಹಿರಿಯರನ್ನೂ ಪುಟ್ಟ ಮಗುವನ್ನೂ ಜೊತೆಗೆ ಕರೆದೊಯ್ಯುವವರಿಗೆ. ನೀಲಗಿರಿಯ ಬೋಗಿಯೊಳಗೆ ಶೌಚಾಲಯವಿಲ್ಲ, ನಿಲ್ದಾಣ ಬರುವವರೆಗೆ ಕಾಯಬೇಕು. ಕಾಲು ಚಾಚಲೂ ಜಾಗವಿಲ್ಲ. ಇಂಥವರು ಬೇರೆ ಯೋಚನೆ ಮಾಡದೆ ಯಶವಂತಪುರದಿಂದ ವಿಸ್ಟಾಡೋಮ್ ಹಿಡಿಯಲಿ. ಶೌಚಾಲಯ ಇದೆ, ಕುರ್ಚಿ ಅಗಲವಾಗಿದೆ, ಮಗುವಿಗೆ ಚಾವಣಿಯಿಂದಲೂ ಕಾಡು ಕಾಣುತ್ತದೆ. ಮಂಗಳೂರಿನವರೆಗೆ ಕೂರಲು ಆಗದಿದ್ದರೆ ಸುಬ್ರಹ್ಮಣ್ಯ ರೋಡ್‌ನಲ್ಲೇ ಇಳಿದುಬಿಡಿ. ಘಾಟಿ ಅಲ್ಲಿಗೆ ಮುಗಿದಿರುತ್ತದೆ, ಕುಕ್ಕೆಗೆ ಅಲ್ಲಿಂದ ಬಸ್ಸು, ಜೀಪು ಸಿಗುತ್ತವೆ.